ಲಾರಿಯೋರ ಮನೆ

ನಮ್ಮ ಓಣಿಯಲ್ಲಿ ನಮ್ಮ ಮನೆಗೆ 'ಲಾರಿಯೋರ ಮನೆ' ಎಂದು ಹೆಸರಿತ್ತು. ಹೊಸದಾಗಿ ಕೇಳಿದವರು ನಮಗೆ ನಾಲ್ಕಾರು ಲಾರಿಗಳಿವೆ ಎಂದೇ ತಿಳಿಯುತ್ತಿದ್ದರು. ಅಪ್ಪ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲಾರಿ ಓಡಿಸಿದನೇ ಹೊರತು ಲಾರಿಯ ಒಂದು ಗಾಲಿಯೂ ಅವನದಾಗಿರಲಿಲ್ಲ. ನಮ್ಮ ಮನೆಯಿಂದ ಎರಡು ಮನೆ ಆಚೆ ಸರ್ಕಾರಿ ಬಸ್ಸಿನ ಡ್ರೈವರ್ ಒಬ್ಬರಿದ್ದರು. ಅವರ ಮನೆಯನ್ನು ಯಾರೂ 'ಬಸ್ಸಿನೋರ ಮನೆ' ಎನ್ನುತ್ತಿರಲಿಲ್ಲ. ಅವರು 'ಡ್ರೈವರ್ ಸಾಹೇಬರು'. ಅವರ ಹೆಂಡತಿ ನಲ್ಲಿಯ ಬಳಿ ಬಂದರೆ ಬೇರೆಯವರು ಕೊಡ ಸರಿಸಿ ಜಾಗ ಬಿಡುತ್ತಿದ್ದರು. ನಮ್ಮವ್ವ ಬಂದರೆ, 'ಏನವ್ವಾ, ನಿನ್ನ ಗಂಡ ಯಾವ ರಾಜ್ಯದಾಗೈದಾನ?' ಎಂಬ ಪ್ರಶ್ನೆ. ಆ ಪ್ರಶ್ನೆಯಲ್ಲಿ ವಿಚಾರಣೆಗಿಂತ ಬೇರೆ ಏನೋ ಇರುತ್ತಿತ್ತು ಎಂಬುದು ನನಗೆ ಹತ್ತು ವರ್ಷದವಳಿದ್ದಾಗಲೇ ತಿಳಿಯುತ್ತಿತ್ತು.

ಇಬ್ಬರೂ ಓಡಿಸುತ್ತಿದ್ದುದು ಅದೇ ಪೂನಾ-ಬೆಂಗಳೂರು ರಸ್ತೆಯ ಮೇಲೆ. ಇಬ್ಬರ ಕೈಯಲ್ಲೂ ಇದ್ದದ್ದು ಭಾರೀ ವಾಹನದ ಲೈಸೆನ್ಸು. ಹಾಗಿದ್ದ ಮೇಲೆ ಇವರಿಬ್ಬರ ನಡುವೆ ಇಷ್ಟು ಅಂತರ ಎಲ್ಲಿಂದ ಬಂತು? ಚಿಕ್ಕವಳಿದ್ದಾಗ ಅದೆಲ್ಲ ಖಾಕಿ ಬಟ್ಟೆಯ ಮಹಿಮೆ ಎಂದುಕೊಂಡಿದ್ದೆ. ಮುಂದೆ ಶಾಲೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿ, ಹಳೆಯ ಕಾಯ್ದೆ ಪುಸ್ತಕಗಳನ್ನು ಓದುವ ಹುಚ್ಚು ಹತ್ತಿದ ಮೇಲೆ ಈ ಅಂತರಕ್ಕೊಂದು ಇತಿಹಾಸವಿದೆಯೆಂದು ಗೊತ್ತಾಯಿತು.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಆಗ ಅದರಲ್ಲಿ ಇದ್ದದ್ದು 120 ಬಸ್ಸುಗಳು. 1961ರ ಆಗಸ್ಟ್ 1ಕ್ಕೆ ಅದೇ ಇಲಾಖೆ ನಿಗಮವಾಯಿತು. ಮುಂದೆ 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ನಿಗಮದ ಹೆಸರೂ ಬದಲಾಯಿತು. ಅಲ್ಲಿ ಕೆಲಸಕ್ಕೆ ಸೇರಿದವನಿಗೆ ಸಂಬಳದ ಶ್ರೇಣಿ, ವಾರದ ರಜೆ, ಭವಿಷ್ಯನಿಧಿ, ಸಮವಸ್ತ್ರ, ಮೇಲಧಿಕಾರಿ ಬೈದರೆ ಹೋಗಿ ಹೇಳಿಕೊಳ್ಳಲು ಒಂದು ಯೂನಿಯನ್ನು. ಸರಕಿನ ಲಾರಿಗಳನ್ನು ಮಾತ್ರ ಸರ್ಕಾರ ಮುಟ್ಟಲಿಲ್ಲ. ಅವು ಖಾಸಗಿಯವರ ಕೈಯಲ್ಲೇ ಉಳಿದವು. ಜನರನ್ನು ಹೊರುವವನು ಸರ್ಕಾರದವನಾದ, ಜನರು ಉಣ್ಣುವ ಜೋಳವನ್ನು ಹೊರುವವನು ಯಾರಿಗೂ ಸೇರದವನಾದ.

ಅದಕ್ಕೂ ಹಿಂದೆ ಹೋದರೆ ಬ್ರಿಟಿಷರ ಕಾಲ. ಆಗ ಲಾರಿ ಎಂದರೆ ಸರ್ಕಾರಕ್ಕೆ ಆಗುತ್ತಿರಲಿಲ್ಲ, ಯಾಕೆಂದರೆ ಅವರ ದುಡ್ಡೆಲ್ಲ ರೈಲಿನಲ್ಲಿತ್ತು. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಪರ್ಮಿಟ್ಟಿನ ಕಟ್ಟುಪಾಡುಗಳು ಅಷ್ಟೊಂದು ಬಿಗಿಯಾಗಿದ್ದುದಕ್ಕೆ ರೈಲಿಗೆ ಪೈಪೋಟಿ ಬರಬಾರದೆಂಬುದೇ ದೊಡ್ಡ ಕಾರಣ. ಆದರೂ ಆ ಕಾಯ್ದೆಯಲ್ಲಿ ಡ್ರೈವರನ ಪರವಾಗಿಯೂ ಒಂದು ಕಲಮು ಇತ್ತು. ಐದು ತಾಸು ಓಡಿಸಿದ ಮೇಲೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕು, ದಿನಕ್ಕೆ ಒಂಬತ್ತು ತಾಸಿಗಿಂತ, ವಾರಕ್ಕೆ 54 ತಾಸಿಗಿಂತ ಹೆಚ್ಚು ದುಡಿಸಬಾರದು. ಇದನ್ನು ನಾನು ಓದಿ ಹೇಳಿದಾಗ ಅಪ್ಪ ಬಾಯಿ ತುಂಬ ನಕ್ಕ. 'ಒಂಬತ್ತು ತಾಸು ಅಂದ್ರ ಮಗಳ, ಅದು ಬರೇ ಲೋಡ್ ಆಗಾಕ ಕಾಯೋ ಹೊತ್ತು' ಎಂದ.

ಎರಡನೆಯ ಮಹಾಯುದ್ಧ ಮುಗಿದಾಗ ಮಿಲಿಟರಿಯವರು ಬಿಟ್ಟುಹೋದ ಲಾರಿಗಳು ಹರಾಜಿಗೆ ಬಂದವು. ನಮ್ಮ ದೇಶದ ಲಾರಿ ಉದ್ಯಮ ಬೇರೂರಿದ್ದು ಆ ಹಳೆಯ ಗಾಡಿಗಳ ಮೇಲೆ. ಅಪ್ಪ 1951ರಲ್ಲಿ ಕ್ಲೀನರ್ ಆಗಿ ಸೇರಿದ್ದೂ ಅಂಥದೊಂದು ಗಾಡಿಗೆ. ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಇಂಜಿನ್ನಿಗೆ ಜೀವ ಬರಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಅಪ್ಪನ ಬಲಗೈ ಮಣಿಕಟ್ಟು ಕೊನೆಯವರೆಗೂ ಸ್ವಲ್ಪ ಸೊಟ್ಟಗೇ ಇತ್ತು. ಕ್ಲೀನರನಿಗೆ ಸಂಬಳವೆಂಬುದಿಲ್ಲ, ಊಟ ಮತ್ತು ವಿದ್ಯೆ. ವಿದ್ಯೆಯೂ ಪುಕ್ಕಟೆ ಬರುತ್ತಿರಲಿಲ್ಲ, ಅದಕ್ಕೆ ಬೈಗುಳವನ್ನು ಸಂದಾಯ ಮಾಡಿಸಿಕೊಳ್ಳಬೇಕಿತ್ತು. ಸ್ಟೆಪ್ನಿ ಬದಲಿಸಿ, ಟಾರ್ಪಾಲು ಬಿಗಿದು, ರಾತ್ರಿ ಡ್ರೈವರ್ ತೂಕಡಿಸದಂತೆ ಮಾತಾಡಿಸುತ್ತ ಕೂತು, ಏಳೆಂಟು ವರ್ಷ ಕಳೆದ ಮೇಲೆ ಸ್ಟೀರಿಂಗು ಕೈಗೆ ಸಿಕ್ಕಿತು.

ಅಷ್ಟರಲ್ಲಿ ಟಾಟಾ ಬೆಂಜ್ ಬಂದಿತ್ತು. ಟೆಲ್ಕೋದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಂದಿಗೆ ಕೂಡಿಕೊಂಡು 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಲು ತೊಡಗಿದ್ದರು. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ. 1969ರಲ್ಲಿ ಆ ಒಪ್ಪಂದ ಮುಗಿದು ನಕ್ಷತ್ರದ ಜಾಗದಲ್ಲಿ 'ಟಿ' ಅಕ್ಷರ ಬಂತು. ಅಪ್ಪ ಮಾತ್ರ ಸಾಯುವವರೆಗೂ 'ಬೆಂಜು' ಎಂದೇ ಕರೆಯುತ್ತಿದ್ದ. ಅವನ ಪ್ರೀತಿ ಆ ಗಾಡಿಯ ಮೇಲೆ ನಮಗಿಂತ ಒಂದು ಗುಲಗಂಜಿ ಹೆಚ್ಚೇ ಇತ್ತೇನೋ ಎಂದು ಅವ್ವನಿಗೆ ಅನುಮಾನವಿತ್ತು.

ಲಾರಿಯ ಸಂಗತಿಯೆಲ್ಲ ಗಂಡಸರದ್ದು, ನಮಗೇನು ಸಂಬಂಧ ಎಂದು ನಮ್ಮಲ್ಲಿ ಬಹಳ ಹೆಂಗಸರು ತಿಳಿದಿರುತ್ತಾರೆ. ಡ್ರೈವರನ ಸಂಬಳದ ಲೆಕ್ಕವನ್ನು ಅವನ ಹೆಂಡತಿಯಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಹೇಗೆಂದರೆ, ಅಪ್ಪನಿಗೆ ಬರುತ್ತಿದ್ದ ದುಡ್ಡಿನಲ್ಲಿ ಮೂರು ಬಗೆ. ಒಂದು, ತಿಂಗಳ ಸಂಬಳ. ಅದು ಸಣ್ಣದು, 1972ರಲ್ಲಿ 120 ರೂಪಾಯಿ. ಎರಡನೆಯದು ಬಾಟಾ, ಅಂದರೆ ರಸ್ತೆಯ ಮೇಲಿದ್ದಷ್ಟು ದಿನ ದಿನಕ್ಕಿಷ್ಟು ಎಂದು ಊಟಕ್ಕೆ ಕೊಡುವ ಹಣ. ಗಾಡಿ ನಿಂತರೆ ಬಾಟಾ ನಿಂತಂತೆ. ಅಪ್ಪ ರಸ್ತೆಯಲ್ಲಿ ಎರಡು ಹೊತ್ತು ಉಣ್ಣುವಲ್ಲಿ ಒಂದು ಹೊತ್ತು ಉಂಡು ಉಳಿಸಿದ ಬಾಟಾದಿಂದಲೇ ನಮ್ಮ ಮನೆ ನಡೆಯುತ್ತಿದ್ದುದು. ಮೂರನೆಯದು ಟ್ರಿಪ್ಪಿನ ಖರ್ಚಿನ ಹಣ. ಅದು ನಮ್ಮದಲ್ಲ, ಆದರೆ ಅದರಲ್ಲಿ ಕಡಿಮೆ ಬಿದ್ದದ್ದೆಲ್ಲ ನಮ್ಮದು.

ಈ ಮೂರನೆಯ ಹಣದ ಕಥೆಯೇ ದೊಡ್ಡದು. ಹೊರಡುವಾಗ ಮಾಲೀಕರ ಗುಮಾಸ್ತ ಇಷ್ಟು ಎಂದು ಕೊಡುತ್ತಿದ್ದ. ಅದರಲ್ಲೇ ಡೀಸೆಲ್, ಪಂಕ್ಚರು, ಹಮಾಲಿ, ಊರೂರಿನ ಜಕಾತಿ ನಾಕಾ, ಚೆಕ್‌ಪೋಸ್ಟು, ದಾರಿಯ ಮಾಮೂಲು. ಕರ್ನಾಟಕದಲ್ಲಿ ಪುರಸಭೆಯ ಜಕಾತಿ 1979ರಲ್ಲಿ ರದ್ದಾಗಿ ಅದರ ಬದಲು ಪ್ರವೇಶ ತೆರಿಗೆ ಬಂತು. ಮುಂಬಯಿಯಲ್ಲಿ ಮಾತ್ರ ಅದು 2017ರವರೆಗೂ ಇತ್ತು. ಜಕಾತಿಗೆ ರಸೀದಿ ಸಿಗುತ್ತಿತ್ತು. ಮಾಮೂಲಿಗೆ ಯಾರು ರಸೀದಿ ಕೊಡುತ್ತಾರೆ? ಅಪ್ಪ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆಯುತ್ತಿದ್ದ. ಅವನು ಓದಿದ್ದು ಮೂರನೆಯ ಇಯತ್ತೆ. 'ಚಾ 2', 'ಗಾಲಿ 8', 'ಟೋಪಿ 5' ಎಂದಿರುತ್ತಿತ್ತು. ಟೋಪಿ ಎಂದರೆ ಏನೆಂದು ನಾನು ಬಹಳ ದಿನ ಯೋಚಿಸಿದ್ದೆ. ಅದು ಪೊಲೀಸಿನವರಿಗೆ ಕೊಟ್ಟದ್ದು. ಊರಿಗೆ ಬಂದ ಮೇಲೆ ಗುಮಾಸ್ತ ಒಂದೊಂದನ್ನೇ ನೋಡುತ್ತ, 'ಇದೇನು ಇಷ್ಟು? ಅವನಿಗೆ ಮೂರು ಕೊಟ್ಟಿದ್ರ ಸಾಕಿತ್ತು' ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ತನ್ನ ಸಹಿ ಮಾಡುತ್ತಿದ್ದ. ಹೊಡೆದುಹಾಕಿದ ಅಷ್ಟೂ ಸಂಬಳದಲ್ಲಿ ಮುರಿತ.

ಮಾಲೀಕರೆಲ್ಲ ಕಟುಕರು ಎಂದು ನಾನು ಹೇಳಲಾರೆ. ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಒಂದೆರಡು ಗಾಡಿಯ ಸಣ್ಣ ಮಾಲೀಕರವೇ. ಫೈನಾನ್ಸಿನ ಕಂತು ಕಟ್ಟಬೇಕು, ಟೈರು ಕೊಳ್ಳಬೇಕು, ಬ್ರೋಕರನಿಗೆ ಕಮಿಷನ್ ಕೊಡಬೇಕು. ಬಾಡಿಗೆ ನಿಗದಿ ಮಾಡುವವನು ಬ್ರೋಕರ್ ಇಲ್ಲವೆ ದೊಡ್ಡ ವ್ಯಾಪಾರಿ. ಕಡಿಮೆ ಬಾಡಿಗೆಗೆ ಒಪ್ಪಿಕೊಂಡವನು ಅದನ್ನು ತುಂಬಿಕೊಳ್ಳಲು ಹೆಚ್ಚು ಲೋಡು ಹಾಕಿಸುತ್ತಾನೆ. ಹೆಚ್ಚು ಲೋಡು ಹಾಕಿದರೆ ದಾರಿಯಲ್ಲಿ ಮಾಮೂಲು ಹೆಚ್ಚು, ಬ್ರೇಕಿಗೆ ತ್ರಾಸು ಹೆಚ್ಚು. 2005ರಲ್ಲಿ ಸುಪ್ರೀಂ ಕೋರ್ಟು ಓವರ್‌ಲೋಡಿಗೆ ರಾಜ್ಯಗಳು ಕಾರ್ಡು ಕೊಟ್ಟು ಪರವಾನಗಿ ನೀಡುವುದನ್ನು ತಡೆಯಿತು. ಹೇರಿನ ಮಿತಿ ಮೀರಿದ ಪಾಪದ ಪಾಲು ಯಾರಿಗೆ ಎಷ್ಟು ಎಂದು ಹಂಚಿದರೆ ಕೊನೆಗೆ ಉಳಿಯುವುದು ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ತುಳಿಯುವ ಕಾಲಿಗೇ. 'ನಾಳೆ ನಮ್ದೂ ಒಂದು ಗಾಡಿ' ಎಂಬ ಆಸೆಯೂ ಎಲ್ಲ ಡ್ರೈವರುಗಳಿಗೆ ಇತ್ತು. ಗದಗದಲ್ಲಿ 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರು ಮಾಡಿದ್ದು ಮುಂದೆ ಸಾವಿರಾರು ವಾಹನಗಳ ಸಂಸ್ಥೆಯಾದಾಗ ಆ ಆಸೆಗೆ ಇನ್ನಷ್ಟು ರೆಕ್ಕೆ ಬಂತು. ಆದರೆ ಅವರು ಮುದ್ರಣದ ವ್ಯಾಪಾರದ ಮನೆತನದಿಂದ ಬಂದವರು. ಸಂಬಳದ ಡ್ರೈವರನಿಗೆ ಮುಂಗಡ ಕಟ್ಟುವ ದುಡ್ಡು ಎಲ್ಲಿಂದ ಬರಬೇಕು?

ಈ ಮಧ್ಯೆ ಸ್ವತಂತ್ರ ಭಾರತ ತನ್ನದೇ ಒಂದು ಕಾಯ್ದೆ ಮಾಡಿತ್ತು, ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961. ಓದಲು ಬಹಳ ಚಂದವಾದ ಕಾಯ್ದೆ. ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು. ದೂರದ ಹಾದಿಯಾದರೆ ಹತ್ತು ತಾಸಿನವರೆಗೆ ಅನುಮತಿ. ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ. ವಾರಕ್ಕೊಂದು ರಜೆ. ವರ್ಷದಲ್ಲಿ 240 ದಿನ ದುಡಿದವನಿಗೆ, ಇಪ್ಪತ್ತು ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆ. ರಾತ್ರಿ ತಂಗುವಲ್ಲಿ ವಿಶ್ರಾಂತಿ ಕೋಣೆ. ಆದರೆ ಇದೆಲ್ಲ ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇರುವ ಸಂಸ್ಥೆಗೆ ಮಾತ್ರ. ಅಪ್ಪನ ಮಾಲೀಕರ ಮನೆಯಲ್ಲಿ ಆರು ಲಾರಿ ಇದ್ದವು. ಎರಡು ಅವರ ಹೆಸರಲ್ಲಿ, ಎರಡು ಹೆಂಡತಿಯ ಹೆಸರಲ್ಲಿ, ಎರಡು ಅಳಿಯನ ಹೆಸರಲ್ಲಿ. ಆ ಅಮ್ಮನವರಿಗೆ ತಮ್ಮ ಹೆಸರಲ್ಲಿ ಲಾರಿ ಇದೆಯೆಂದು ಗೊತ್ತಿತ್ತೋ ಇಲ್ಲವೋ!

ಅಪ್ಪನ ಹಾದಿ ಎರಡು. ಹತ್ತಿಯ ಬೇಲು ಹೇರಿ ಮುಂಬಯಿಗೆ. ಇಲ್ಲವೆ ಶಿರಾಡಿ ಘಟ್ಟ ಇಳಿದು ಮಂಗಳೂರಿಗೆ, ಬರುವಾಗ ಹೆಂಚು ಇಲ್ಲವೆ ಗೊಬ್ಬರ. ಆಗ ಕಂಪನಿಯಿಂದ ಬರುತ್ತಿದ್ದುದು ಬರೀ ಚಾಸಿ ಮತ್ತು ಇಂಜಿನ್ನು. ಕ್ಯಾಬಿನ್ನನ್ನು ಬಡಗಿಗಳೇ ಕಟ್ಟುತ್ತಿದ್ದರು, ತಮಿಳುನಾಡಿನ ನಾಮಕ್ಕಲ್ ಅದಕ್ಕೇ ಹೆಸರಾದ ಊರು. ಮರದ ಸೀಟು, ಮೇಲೊಂದು ರಗ್ಗು. ಮಗ್ಗುಲಲ್ಲೇ ಇಂಜಿನ್ನು. ಬೇಸಿಗೆಯಲ್ಲಿ ಎಡಗಾಲಿನ ಮೀನಖಂಡ ಬೆಂದ ಹಾಗೆ ಕೆಂಪಾಗುತ್ತಿತ್ತು. ಅಪ್ಪ ಬಂದ ರಾತ್ರಿ ಅವ್ವ ಕೊಬ್ಬರಿ ಎಣ್ಣೆ ಹಚ್ಚುವುದು, ಅವನು ಅರ್ಧ ಊಟಕ್ಕೇ ಗೋಡೆಗೆ ಒರಗಿ ನಿದ್ದೆ ಹೋಗುವುದು, ನಾವು ಪಿಸುಮಾತಿನಲ್ಲಿ ಓಡಾಡುವುದು, ಇದು ನಮ್ಮ ಮನೆಯ ಹಬ್ಬ. ಬೆನ್ನು ನೋವು, ಮೂಲವ್ಯಾಧಿ, ಎದುರು ಬೆಳಕಿಗೆ ಕಂಗೆಟ್ಟ ಕಣ್ಣು, ಇವು ಈ ಕಸುಬಿನ ನಿವೃತ್ತಿ ವೇತನ. ಮಳೆಗಾಲದಲ್ಲಿ ಘಟ್ಟದಲ್ಲಿ ಮರ ಬಿದ್ದೋ ಗುಡ್ಡ ಕುಸಿದೋ ಎರಡು ದಿನ ಸಾಲುಗಟ್ಟಿ ನಿಂತರೆ ಅವಲಕ್ಕಿ ತಿಂದು ಕಾಲ ಹಾಕಬೇಕು. ಕಾಗದವಿಲ್ಲ, ಫೋನಿಲ್ಲ. ಬೇರೆ ಲಾರಿಯವರು ಹಾದು ಹೋಗುವಾಗ ನಮ್ಮ ಓಣಿಯ ತುದಿಗೆ ನಿಲ್ಲಿಸಿ, 'ಅಣ್ಣ ಗುಂಡ್ಯದಾಗ ಇದಾನ ಅತ್ತಿಗಿ, ಚಲೋ ಇದಾನ' ಎಂದು ಕೂಗಿ ಹೇಳಿದರೆ ಅಂದು ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ನ್ಯಾಷನಲ್ ಪರ್ಮಿಟ್ 1975ರಲ್ಲಿ ಬಂತು. ಅಲ್ಲಿಯವರೆಗೆ ಬೇರೆ ಬೇರೆ ರಾಜ್ಯಗಳಿಗೆ ಬೇರೆ ಬೇರೆ ಪರ್ಮಿಟ್ಟಿನ ತಾಪತ್ರಯವಿತ್ತು. 1974ರ ಮೇ ತಿಂಗಳಿನ ರೈಲು ಮುಷ್ಕರದಲ್ಲಿ ಇಪ್ಪತ್ತು ದಿನ ಸರಕು ಅಲ್ಲಲ್ಲೇ ಕೊಳೆತದ್ದನ್ನು ಕಂಡ ವ್ಯಾಪಾರಿಗಳಿಗೆ ಲಾರಿಯ ಬೆಲೆ ತಿಳಿದಿತ್ತು. ಲಾರಿಯ ಬೆಲೆ ಎಂದೆ, ಲಾರಿಯವನದಲ್ಲ. ಈ ಪರ್ಮಿಟ್ಟಿನ ಗಾಡಿಗಳ ಬಗ್ಗೆ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿತ್ತು. ಇಬ್ಬರು ಡ್ರೈವರುಗಳು ಇರಲೇಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಕಾಲು ಚಾಚಿ ಮಲಗುವಷ್ಟು ಉದ್ದದ ಸೀಟಿರಬೇಕು. ಎರಡನೆಯ ಡ್ರೈವರ್ ಎಂದರೆ ಬಹಳ ಗಾಡಿಗಳಲ್ಲಿ ಲೈಸೆನ್ಸ್ ಮಾಡಿಸಿಕೊಂಡ ಕ್ಲೀನರ್ ಹುಡುಗನೇ. ಆದರೂ ಕಾಗದದ ಮೇಲೆ ಆ ಮಾತಿತ್ತು. 2018ರಲ್ಲಿ ಅದನ್ನೂ ತೆಗೆದುಹಾಕಿದರು.

ಇನ್ನು ಮರ್ಯಾದೆಯ ವಿಚಾರ. ಚೆಕ್‌ಪೋಸ್ಟಿನಲ್ಲಿ ಇಪ್ಪತ್ತೈದರ ಹುಡುಗ ಐವತ್ತರ ಅಪ್ಪನನ್ನು 'ಏ, ಬಾರೋ ಇಲ್ಲಿ' ಎನ್ನುತ್ತಿದ್ದ. ಗೋದಾಮಿನಲ್ಲಿ ಕಕ್ಕಸು ಇರುತ್ತಿತ್ತು, ಡ್ರೈವರನಿಗಲ್ಲ. ನನಗೆ ಗಂಡು ನೋಡುವಾಗ ಒಂದು ಕಡೆಯವರು ಎಲ್ಲ ಒಪ್ಪಿ, ಮಾತು ಮುಗಿಯುವ ಹೊತ್ತಿಗೆ, 'ಹುಡುಗಿ ತಂದೆ ಏನು ಮಾಡ್ತಾರ?' ಎಂದು ಕೇಳಿ, ಉತ್ತರ ಕೇಳಿದ ಮೇಲೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಅವ್ವ ಆ ತಟ್ಟೆಗಳನ್ನು ತೆಗೆದುಕೊಂಡು ಹೋಗಿ ಉಪ್ಪಿಟ್ಟನ್ನು ದನಕ್ಕೆ ಹಾಕಿದಳು, ಒಂದು ಮಾತೂ ಆಡಲಿಲ್ಲ. ತೊಂಬತ್ತರ ದಶಕದಲ್ಲಿ ಏಡ್ಸ್ ಪ್ರಚಾರ ಶುರುವಾಯಿತಲ್ಲ, ಆಗ ಇನ್ನೊಂದು ಬಗೆಯ ಕಳಂಕ. ಲಾರಿ ಡ್ರೈವರುಗಳಿಗೆಂದೇ 1996ರಲ್ಲಿ ಬ್ರಿಟಿಷ್ ನೆರವಿನ ಹೆದ್ದಾರಿ ಆರೋಗ್ಯ ಯೋಜನೆ ಬಂತು. ಚಿಕಿತ್ಸೆ, ತಿಳಿವಳಿಕೆ ಬೇಕೇ ಇತ್ತು, ಅದರಿಂದ ಎಷ್ಟೋ ಜೀವ ಉಳಿದಿರಬೇಕು. ಆದರೆ ಗೋಡೆಯ ಮೇಲಿನ ಚಿತ್ರಗಳಲ್ಲಿ ಲಾರಿ ಮತ್ತು ರೋಗ ಒಟ್ಟೊಟ್ಟಿಗೇ ಬಂದು, ಓಣಿಯಲ್ಲಿ ನಿಷ್ಠೆಯಿಂದ ಸಂಸಾರ ಮಾಡುವ ಡ್ರೈವರನ ಹೆಂಡತಿಯನ್ನೂ ಜನ ಒಂದು ಥರ ನೋಡುವಂತಾಯಿತು. ತಿಂಗಳುಗಟ್ಟಲೆ ಒಬ್ಬನನ್ನು ಮನೆಯಿಂದ ದೂರ ಇಡುವ ಕೆಲಸದ ಏರ್ಪಾಡಿನ ಚಿತ್ರವನ್ನು ಯಾವ ಗೋಡೆಯ ಮೇಲೂ ಬರೆಯಲಿಲ್ಲ.

ಈಗ ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. 1986ರ ಮಳೆಗಾಲದಲ್ಲಿ ಅಪ್ಪನ ಜೊತೆ ಅದೇ ಮಾಲೀಕರಲ್ಲಿ ದುಡಿಯುತ್ತಿದ್ದ ಡ್ರೈವರ್ ಒಬ್ಬ ಶಿರಾಡಿಯಲ್ಲಿ ಲಾರಿ ಉರುಳಿ ಸತ್ತುಹೋದ. ವಯಸ್ಸು 35. ನಮ್ಮ ಓಣಿಯ ಕೊನೆಯ ಮನೆ. ಅಕ್ಕನಿಗೆ ಎರಡು ಸಣ್ಣ ಮಕ್ಕಳು. ಹನ್ನೊಂದನೆಯ ದಿನ ಮುಗಿದ ಮೇಲೆ ಗುಮಾಸ್ತ ಎಂಟು ಸಾವಿರ ರೂಪಾಯಿ, ಒಂದು ಛಾಪಾ ಕಾಗದ ತೆಗೆದುಕೊಂಡು ಬಂದ. ಸಾಹುಕಾರರು ದೊಡ್ಡ ಮನಸ್ಸು ಮಾಡಿ ಕೊಡುತ್ತಿದ್ದಾರೆ, ಇಲ್ಲಿ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು ಎಂದ. ಹಮಾಲರ ಸಂಘದ ಹಿರಿಯರೊಬ್ಬರು ಆ ಹೊತ್ತಿಗೆ ಅಲ್ಲಿ ಕೂತಿದ್ದುದು ಅವಳ ಪುಣ್ಯ. 'ತಂಗಿ, ಬೆರಳಿಗೆ ಮಸಿ ಹಚ್ಚಬ್ಯಾಡ' ಎಂದರು.

ಅವರು ಹೇಳಿದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮಾತು. ಇದನ್ನು ಹೆಣ್ಣುಮಕ್ಕಳು ತಿಳಿದಿರಬೇಕಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಕಾಯ್ದೆಗೆ ಐದು ಜನ, ಹತ್ತು ಜನ ಎಂಬ ಲೆಕ್ಕವಿಲ್ಲ. ಒಂದೇ ಲಾರಿ, ಒಬ್ಬನೇ ಡ್ರೈವರ್ ಇದ್ದರೂ ಅನ್ವಯಿಸುತ್ತದೆ. ಕೆಲಸದ ಮೇಲೆ ಸತ್ತರೆ ಪರಿಹಾರದ ಹಣವನ್ನು ಕಾರ್ಮಿಕ ಪರಿಹಾರ ಕಮಿಷನರರ ಹತ್ತಿರವೇ ಠೇವಣಿ ಇಡಬೇಕು. ಮನೆಗೆ ಬಂದು ಕೈಯಲ್ಲಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಪರಿಹಾರ ಕೊಟ್ಟಂತೆ ಆಗುವುದಿಲ್ಲ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಡ್ರೈವರನ ಈ ಪರಿಹಾರದ ಹೊಣೆಗೆ ಲಾರಿಯ ವಿಮೆಯಲ್ಲೇ ರಕ್ಷಣೆ ಇರಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಎಂದರೆ ವಿಮೆ ಸರಿಯಾಗಿದ್ದರೆ ಮಾಲೀಕರ ಜೇಬಿನಿಂದಲೂ ಹೋಗಬೇಕಾಗಿಲ್ಲ! ಆದರೂ ಆ ಎಂಟು ಸಾವಿರದ ಕಾಗದ ಯಾಕೆ ಬಂತೋ ನನಗಿನ್ನೂ ಸರಿಯಾಗಿ ಅರ್ಥವಾಗಿಲ್ಲ. ಕೋರ್ಟು-ಕಚೇರಿ ಎಂದರೆ ಹೆದರಿಕೆ, ಡ್ರೈವರನ ಹೆಂಡತಿಗೆ ಹಕ್ಕು ಎಂಬುದೊಂದಿದೆ ಎಂಬುದೇ ಅವರಿಗೆ ಹೊಳೆದಿರಲಿಕ್ಕಿಲ್ಲ.

ಪರಿಹಾರದ ಲೆಕ್ಕ ಹೀಗೆ: 1984ರ ತಿದ್ದುಪಡಿಯ ಪ್ರಕಾರ ತಿಂಗಳ ಸಂಬಳದ ನೂರಕ್ಕೆ 40ರಷ್ಟನ್ನು ಸತ್ತವನ ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 35 ವರ್ಷಕ್ಕೆ ಆ ಸಂಖ್ಯೆ 197.06. ಎಲ್ಲವೂ ನಿಂತಿರುವುದು ಸಂಬಳ ಎಷ್ಟು ಎಂಬುದರ ಮೇಲೆ. ಗುಮಾಸ್ತ ಬಂದು ಸಂಬಳ 250 ಎಂದು ಹೇಳಿದ. ನಿಜವಾಗಿ ಕೊಡುತ್ತಿದ್ದುದು 450. ಸತ್ತವನ ನೋಟ್‌ಬುಕ್ಕು ಲಾರಿಯೊಡನೆ ಹೊಳೆಗೆ ಹೋಗಿತ್ತು. ಸಂಬಳದ ಚೀಟಿ ಎಂಬುದು ಯಾವ ಡ್ರೈವರನ ಮನೆಯಲ್ಲೂ ಇರಲಿಲ್ಲ.

ಅಪ್ಪನ ನೋಟ್‌ಬುಕ್ಕು ಇತ್ತು. ಅದೇ ಮಾಲೀಕರು, ಅದೇ ಸಂಬಳ, ತಿಂಗಳು ತಿಂಗಳೂ ಗುಮಾಸ್ತನದೇ ಕೆಂಪು ಶಾಯಿ ಸಹಿ. ಅಂದು ರಾತ್ರಿ ಅಪ್ಪ ಊಟ ಮಾಡದೆ ಬಹಳ ಹೊತ್ತು ಜಗಲಿಯ ಮೇಲೆ ಕೂತಿದ್ದ. ಹೋಗಿ ಸಾಕ್ಷಿ ಹೇಳಿದರೆ ಕೆಲಸ ಹೋಗುವುದು ಖಂಡಿತ. ನನ್ನ ತಮ್ಮಂದಿರಿಬ್ಬರು ಓದುತ್ತಿದ್ದರು. ಅವ್ವ ಅಡಿಗೆ ಮನೆಯಿಂದಲೇ, 'ಆ ಲಾರಿ ಮ್ಯಾಲ ಆವತ್ತು ನೀನ ಹೋಗಬೇಕಿತ್ತಲ್ಲ, ಜ್ವರ ಅಂತ ಉಳಕೊಂಡಿ' ಎಂದಳು. ಅಷ್ಟೇ. ಮರುದಿನ ಅಪ್ಪ ಒಗೆದ ಅಂಗಿ ಹಾಕಿಕೊಂಡು ನೋಟ್‌ಬುಕ್ಕನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೋದ.

ಸಂಬಳ 450 ಎಂದು ತೀರ್ಮಾನವಾಯಿತು. ಅದರ ನೂರಕ್ಕೆ 40 ಎಂದರೆ 180, ಅದನ್ನು 197.06ರಿಂದ ಗುಣಿಸಿದರೆ 35,470 ರೂಪಾಯಿ 80 ಪೈಸೆ. ಆದರೆ ಬಾಟಾ? ದಿನಕ್ಕೆ 15ರಂತೆ ತಿಂಗಳಿಗೆ ಇನ್ನೊಂದು 450 ಬರುತ್ತಿತ್ತಲ್ಲ? ಅದು ಪ್ರಯಾಣದ ಖರ್ಚು, ಕಾಯ್ದೆಯ ಪ್ರಕಾರ ಸಂಬಳವಲ್ಲ ಎಂದಾಯಿತು. ಅದೂ ಸೇರಿದ್ದರೆ ಅಕ್ಕನಿಗೆ 70,941 ರೂಪಾಯಿ ಬರುತ್ತಿತ್ತು. ಗಂಡ ಒಂದು ಹೊತ್ತು ಹಸಿದು ಉಳಿಸಿ ತಂದು ಸಂಸಾರ ನಡೆಸಿದ ದುಡ್ಡನ್ನು ಕಾಗದ ಲೆಕ್ಕಕ್ಕೇ ಹಿಡಿಯಲಿಲ್ಲ. ಅಕ್ಕ ಬಂದ ಹಣದಲ್ಲಿ ಒಂದು ಹೊಲಿಗೆ ಯಂತ್ರ ಕೊಂಡು ಉಳಿದದ್ದನ್ನು ಅಂಚೆ ಕಚೇರಿಯಲ್ಲಿಟ್ಟಳು. ಅಪ್ಪನ ಕೈಯಿಂದ ಮಾಲೀಕರು ಆ ತಿಂಗಳಲ್ಲೇ ಬೀಗದ ಕೈ ಇಸಿದುಕೊಂಡರು. ಎರಡು ತಿಂಗಳು ಖಾಲಿ ಕೂತ ಮೇಲೆ ಪಕ್ಕದ ಊರಿನ ಒಂದು ಗಾಡಿ ಸಿಕ್ಕಿತು. ಸಂಬಳ ಅಲ್ಲಿ ಇನ್ನೂ ಐವತ್ತು ಕಡಿಮೆ.

ಅಂದಿನಿಂದ ಇಲ್ಲಿಯವರೆಗೆ ಲೆಕ್ಕಗಳು ಬದಲಾಗಿವೆ. 1995ರಲ್ಲಿ ನೂರಕ್ಕೆ 40 ಹೋಗಿ 50 ಆಯಿತು. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರಲ್ಲಿ 15,000 ರೂಪಾಯಿಗೆ ಏರಿತು. ರಸ್ತೆ ಅಗಲವಾಯಿತು. ನಮ್ಮ ಎನ್.ಎಚ್. 4 ಸುವರ್ಣ ಚತುಷ್ಪಥವಾಗಿ, 2010ರಲ್ಲಿ ನಂಬರು ಬದಲಾಗಿ 48 ಆಯಿತು. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು. 2025ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ. ಅಪ್ಪ ಇದ್ದಿದ್ದರೆ ಇದನ್ನು ನಂಬುತ್ತಿರಲಿಲ್ಲ. ಹಾಗಿದ್ದೂ 2020ರಲ್ಲಿ ಸೇವ್ ಲೈಫ್ ಫೌಂಡೇಷನ್ನಿನವರು ಹತ್ತು ನಗರಗಳಲ್ಲಿ ಸಾವಿರದಿನ್ನೂರಕ್ಕೂ ಮೇಲ್ಪಟ್ಟು ಡ್ರೈವರುಗಳನ್ನು ಮಾತಾಡಿಸಿದಾಗ, ದಿನಕ್ಕೆ ಸರಾಸರಿ ಹನ್ನೆರಡು ತಾಸು ಓಡಿಸುತ್ತೇವೆ ಎಂದರು. ನೂರಕ್ಕೆ 84 ಮಂದಿ ನಮ್ಮ ಮನೆಯವರು ಈ ಕೆಲಸಕ್ಕೆ ಬರುವುದು ಬೇಡ ಎಂದರು. 2024ರ ಜನವರಿ ಮೊದಲ ವಾರದಲ್ಲಿ ದೇಶದ ಹಲವೆಡೆ ಡ್ರೈವರುಗಳು ಗಾಡಿ ನಿಲ್ಲಿಸಿದ್ದು ನಿಮಗೂ ನೆನಪಿರಬಹುದು. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಎಂಬ ಹೊಸ ಕಲಮಿನ ವಿರುದ್ಧ. ಓಡಿಹೋಗುವುದು ತಪ್ಪೇ. ಆದರೆ ನಿಂತರೆ ಜನ ಬಡಿದು ಕೊಲ್ಲುತ್ತಾರೆಂಬ ಅವರ ಭಯವೂ ಸುಳ್ಳಲ್ಲ. ಅಪ್ಪನೇ ಒಮ್ಮೆ ಹೊಡೆತ ತಿಂದು ಬಂದಿದ್ದ, ಅದೂ ಬೇರೆಯವರು ಮಾಡಿದ ಅಪಘಾತದಲ್ಲಿ ಗಾಯಗೊಂಡವನನ್ನು ಎತ್ತಲು ಇಳಿದದ್ದಕ್ಕೆ. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಯಾದಾಗ ಆ ಒಂದು ಕಲಮನ್ನು ಜಾರಿಗೆ ತರದೆ ತಡೆಹಿಡಿದರು.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಬಂದಿವೆ. 1961ರ ಚಂದದ ಕಾಯ್ದೆಯೂ, 1923ರದೂ ಅವುಗಳಲ್ಲಿ ಸೇರಿಹೋಗಿವೆ. ಕೆಲಸಗಾರನಿಗೆ ನೇಮಕ ಪತ್ರ ಕೊಡಬೇಕು ಎಂದಿದೆ. ಆದರೆ ಕೆಲಸದ ತಾಸು, ನೇಮಕ ಪತ್ರ ಇತ್ಯಾದಿಗಳ ಸಂಹಿತೆಗೆ ಹಿಂದೆ ಐದು ಜನರಿದ್ದರೆ ಸಾಕಾಗಿದ್ದಲ್ಲಿ ಈಗ ಹತ್ತು ಜನ ಇರಬೇಕು. ಇನ್ನೊಂದು ಕಡೆ ಒಳ್ಳೆಯದೂ ಇದೆ. ಸಂಬಳದ ಹೊಸ ವ್ಯಾಖ್ಯೆಯಲ್ಲಿ ಭತ್ಯೆಗಳೆಲ್ಲ ಸೇರಿ ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚಾದರೆ, ಆ ಹೆಚ್ಚಿನದನ್ನು ಸಂಬಳಕ್ಕೇ ಸೇರಿಸಿ ಲೆಕ್ಕ ಹಿಡಿಯಬೇಕು. ಬಾಟಾದ ಮೇಲೇ ಬದುಕುವವರಿಗೆ ಇದು ಸಣ್ಣ ಮಾತಲ್ಲ, ಬಾಟಾ ಕಾಗದದ ಮೇಲೆ ಇದ್ದರೆ.

ಕೊನೆಯ ಮನೆಯ ಅಕ್ಕನ ಮೊಮ್ಮಗ ಈಗ ಲಾರಿ ಓಡಿಸುತ್ತಾನೆ. ಅಕ್ಕ ಎಷ್ಟು ಬೇಡವೆಂದರೂ ಕೇಳಲಿಲ್ಲ. ಹೋದ ತಿಂಗಳು ಹೆಂಡತಿಯೊಡನೆ ಮನೆಗೆ ಬಂದಿದ್ದ. ನೇಮಕ ಪತ್ರ ಕೊಟ್ಟಿದ್ದಾರೇನೋ ಎಂದು ಕೇಳಿದೆ. 'ಪತ್ರ ಎಲ್ಲೀದು ಅಜ್ಜಿ, ಲೋಡ್ ಎಲ್ಲೈತಿ ಅಂತ ಸಾವ್ಕಾರ್ರು ವಾಟ್ಸಾಪ್‌ನಾಗ ಹೇಳ್ತಾರ, ಬಾಟಾ ಫೋನಿಗೇ ಹಾಕ್ತಾರ' ಎಂದ. ಆ ಸಂದೇಶಗಳನ್ನು ಅಳಿಸಬೇಡ, ಅವಳ ಫೋನಿಗೂ ಕಳಿಸಿಡು ಎಂದು ಹೇಳಿ, ಮಕ್ಕಳ ಪಾಟೀಚೀಲದಿಂದ ಒಂದು ಖಾಲಿ ನೋಟ್‌ಬುಕ್ಕು ತರಿಸಿ ಆ ಹುಡುಗಿಯ ಕೈಗೆ ಕೊಟ್ಟೆ. ಯಾವ ದಿನ ಹೊರಟ, ಎಲ್ಲಿಂದ ಎಲ್ಲಿಗೆ, ಸಂಬಳ ಎಷ್ಟು ಬಂತು, ಯಾರು ಹಾಕಿದರು, ಎಲ್ಲ ಬರೆಯಬೇಕೆಂದು ಹೇಳಿಕೊಟ್ಟೆ.

'ಬಾಟಾನೂ ಬರೀಬೇಕೇನ್ರಿ ಅಜ್ಜಿ? ಅದು ಊಟದ ದುಡ್ಡಲ್ಲ?' ಎಂದಳು.

ಮೊದಲನೆಯ ಪುಟದಲ್ಲಿ ನಾನೇ ಗೆರೆ ಎಳೆದು, ಬಾಟಾಕ್ಕೆಂದು ಬೇರೆ ಒಂದು ಕಾಲಮ್ಮು ಹಾಕಿಕೊಟ್ಟೆ. ಸೋಮವಾರ ಅವನಿಗೆ ವಾಪಿಗೆ ಲೋಡಿತ್ತು.